ತೊಂಬತ್ತು ದಿನದ ಬಾಗಿಲು

ನೆವಾರ್ಕ್, ಕ್ಯಾಲಿಫೋರ್ನಿಯಾ
೧೧ ಜೂನ್ ೧೯೮೯, ಭಾನುವಾರ

ಅಮ್ಮಾ,

ನಿನಗೆ ಅನ್ಯಾಯವಾಗಿದೆ. ನಮಸ್ಕಾರ, ಕ್ಷೇಮ, ಇಲ್ಲಿಯ ಹವೆ, ಎಲ್ಲವನ್ನೂ ಆಮೇಲೆ ಬರೆಯುತ್ತೇನೆ. ಮೊದಲು ಈ ಮಾತು ಕಾಗದದ ಮೇಲೆ ಇರಲಿ. ಹೆತ್ತ ಮಗಳ ಬಾಣಂತನಕ್ಕೆಂದು ಹೊರಟ ತಾಯಿಯನ್ನು, ಮಂಡ್ಯದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತನ್ನೆಲ್ಲ ಜೋಡಿಸಿಕೊಟ್ಟವಳನ್ನು, ಅಮೆರಿಕದ ವೀಸಾ ಆಫೀಸಿನ ಕಿಟಕಿಯಲ್ಲಿ, ಗಾಜಿನ ಹಿಂದಿದ್ದ ಒಬ್ಬ ಆಫೀಸರ್ ಎರಡೇ ಪ್ರಶ್ನೆ ಕೇಳಿ, ಈಕೆ ಹೋದರೆ ವಾಪಸ್ ಬರುವವಳಲ್ಲ ಎಂದು ತೀರ್ಮಾನಿಸಿ ಪಾಸ್‌ಪೋರ್ಟು ಹಿಂದಕ್ಕೆ ತಳ್ಳಿದ. ಯಾವತ್ತು ಹಿಂದಿರುಗುತ್ತೀರಿ ಎಂಬುದು ಮೊದಲ ಪ್ರಶ್ನೆ. ಇಬ್ಬರು ಹೆಣ್ಣುಮಕ್ಕಳೂ ಅಮೆರಿಕದಲ್ಲೇ ಇದ್ದಾರಲ್ಲ, ಇಲ್ಲಿ ನಿಮಗೆ ಯಾರಿದ್ದಾರೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ನೀನು, ಮಗು ಹುಟ್ಟಲಿ, ಆಮೇಲೆ ಒಳ್ಳೆ ದಿನ ನೋಡಿ ಬರ್ತೀನಿ ಸ್ವಾಮಿ ಅಂದೆಯಂತೆ. ಎರಡನೆಯದಕ್ಕೆ ಏನೂ ಹೇಳಲಿಲ್ಲ ಎಂದು ಬರೆದಿದ್ದೀಯ. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ.

ಕಳೆದ ತಿಂಗಳು ಫೋನಿನಲ್ಲಿ ನಾನು ಕೂಗಾಡಿದ್ದು ನಿನಗೆ ನೆನಪಿರುತ್ತದೆ. ಇನ್ನು ಆ ಕಿಟಕಿಯ ಮುಂದೆ ಕಾಲಿಡಬೇಡ, ನಮ್ಮ ಮಾನ ನಮಗೆ ದೊಡ್ಡದು ಎಂದೆ. ನೀನು ಮೆಲ್ಲಗೆ, ಆಯ್ತು ಕಣೆ, ಕೂಗಬೇಡ, ಲೈನು ನಂದೇ ಹುಡುಗೀರು ಹಾಕಿರೋದು, ಕೇಳಿಸ್ಕೊತಾರೆ ಅಂದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕಿದ್ದು ನನಗೂ ಕೇಳಿಸಿತು. ಈಗ ಈ ಕಾಗದದಲ್ಲಿ ನಾನು ಅದಕ್ಕೆ ಪೂರ್ತಿ ಉಲ್ಟಾ ಹೇಳಲಿದ್ದೇನೆ. ಕೋಪ ಮಾಡಿಕೊಳ್ಳದೆ ಕೊನೆಯವರೆಗೆ ಓದು.

ಅಕ್ಕ ಚೆನ್ನಾಗಿದ್ದಾಳೆ. ಭಾವ ಅಡುಗೆ ಕಲಿಯುತ್ತಿದ್ದಾರೆ. ನಾನು ಕಾಲೇಜಿನ ಕೊನೆಯ ಪರೀಕ್ಷೆ ಬರೆದು ಮುಗಿಸಿದೆ. ಸಂಜೆ ಹೊತ್ತು ಸಾರ್ವಜನಿಕ ಲೈಬ್ರರಿಯಲ್ಲಿ ಪುಸ್ತಕಗಳನ್ನು ಮತ್ತೆ ಅವುಗಳ ಜಾಗಕ್ಕೆ ಸೇರಿಸುವ ಕೆಲಸ ಹಾಗೇ ಇದೆ. ಶನಿವಾರ ಬರ್ಕಲಿಗೆ ಹೋಗುವುದೂ ತಪ್ಪಿಲ್ಲ. ಅಲ್ಲಿ ಫುಟ್‌ಪಾತಿನ ಮೇಲೆ ಮೇಜು ಹಾಕಿಕೊಂಡು ಯಾರ್‍ಯಾರೋ ಏನೇನೋ ಕರಪತ್ರ ಹಂಚುತ್ತಾರೆ. ಎಲ್ಲವನ್ನೂ ಹೊತ್ತು ತಂದು ಓದುತ್ತೇನೆ. ಜನ ಬರ್ಕಲಿಯಿಂದ ಸೊಪ್ಪು ತರಕಾರಿ ತರ್ತಾರೆ, ನಮ್ಮ ವಸುಧಾ ಕ್ರಾಂತಿ ತರ್ತಾಳೆ, ಒಂದು ದಿನ ಅದನ್ನೇ ಹುಳಿ ಮಾಡಿ ಬಡಿಸ್ತಾಳೆ ಎಂದು ಭಾವ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಿನ್ನ ಪಾಸ್‌ಪೋರ್ಟು ಹಿಂದಕ್ಕೆ ಬಂದಾಗ ಅವರ ಎಂಜಿನಿಯರ್ ಸ್ನೇಹಿತರೆಲ್ಲ ಅಯ್ಯೋ, ಬ್ಯಾಡ್ ಲಕ್ಕು ಎಂದು ಕಾಫಿ ಕುಡಿದು ಹೋದರು. ಯಾಕೆ ಹೀಗೆ ಎಂದು ಕೇಳಿದವಳು ನಾನೊಬ್ಬಳೇ.

ಕೇಳುವಂತೆ ಮಾಡಿದ್ದು ನಮ್ಮ ಕೆಳಗಿನ ಅಪಾರ್ಟ್‌ಮೆಂಟಿನ ತೊಮೊಕೊ. ಜಪಾನಿನ ಹುಡುಗಿ, ಅಕ್ಕನಿಗಿಂತ ಎರಡು ವರ್ಷ ಚಿಕ್ಕವಳು. ಗಂಡ ಪಕ್ಕದ ಫ್ರೀಮಾಂಟಿನ ಕಾರು ಕಾರ್ಖಾನೆಯಲ್ಲಿದ್ದಾನೆ. ಅದರಲ್ಲಿ ಜಪಾನಿನವರೂ ಅಮೆರಿಕದವರೂ ಪಾಲುದಾರರು. ತೊಮೊಕೊಗೆ ಮಾರ್ಚಿನಲ್ಲಿ ಮಗು ಹುಟ್ಟಿತು. ಹುಟ್ಟುವ ಮೊದಲೇ, ಫೆಬ್ರವರಿಯಲ್ಲಿ, ಅವಳ ಅಮ್ಮ ಬಂದರು. ವೀಸಾ ಇಲ್ಲದೆ ಬಂದರು, ಅಮ್ಮಾ! ಕಿಟಕಿ ಇಲ್ಲ, ಕ್ಯೂ ಇಲ್ಲ, ನಾಗರಾಜು ಮಾವನನ್ನು ಜೊತೆಗೆ ಕರೆದುಕೊಂಡು ರಾತ್ರಿ ರೈಲು ಹತ್ತುವುದೂ ಇಲ್ಲ. ಪಾಸ್‌ಪೋರ್ಟು ಮತ್ತು ಹೋಗಿಬರುವ ಟಿಕೆಟ್ಟು ಹಿಡಿದು ವಿಮಾನ ಹತ್ತಿದರು, ಇಳಿದರು, ಮಗಳ ಅಡುಗೆಮನೆಗೆ ಬಂದು ಅಕ್ಕಿ ತೊಳೆದರು.

ಆಗ ನನಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. ನಿನಗೂ ಹಾಗೇ ಆಗುತ್ತದೆ ಅಂದುಕೊಂಡಿದ್ದೆ. ಅವರಿಗೆ ಇಂಗ್ಲಿಷು ಬರುತ್ತಿರಲಿಲ್ಲ, ಅಕ್ಕನಿಗೆ ಜಪಾನಿ ಬರುವುದಿಲ್ಲ, ಆದರೂ ಇಬ್ಬರೂ ಮಧ್ಯಾಹ್ನವೆಲ್ಲ ಕೂತು ಏನೋ ಮಾತಾಡುತ್ತಿದ್ದರು. ಬಸುರಿ ಹೊಟ್ಟೆಗೆ ಬಿಗಿಯುವ ಉದ್ದನೆಯ ಬಿಳಿ ಬಟ್ಟೆಯೊಂದನ್ನು ತೋರಿಸಿದರು. ಐದನೇ ತಿಂಗಳಲ್ಲಿ ಒಳ್ಳೆ ದಿನ ನೋಡಿ ಕಟ್ಟುತ್ತಾರಂತೆ. ಅಕ್ಕ ಊರಿನಲ್ಲಾದ ಯಾರದೋ ಸೀಮಂತದ ಫೋಟೋ ತೋರಿಸಿದಳು. ಇದೆಲ್ಲ ಮೂಢನಂಬಿಕೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ತೊಮೊಕೊ ಅದನ್ನು ಅವರಮ್ಮನಿಗೆ ಹೇಳಿದಳೋ ಇಲ್ಲವೋ, ಆಕೆ ನನ್ನ ಬಾಯಿಗೆ ಒಂದು ಉಪ್ಪಿನಕಾಯಿ ತುರುಕಿದರು. ಮೈಯೆಲ್ಲ ಜುಮ್ಮೆನ್ನುವಷ್ಟು ಹುಳಿ. ಅಕ್ಕ ನಕ್ಕೂ ನಕ್ಕೂ, ಇವರು ನಮ್ಮಮ್ಮನ ಪೈಕಿನೇ ಕಣೇ ಅಂದಳು.

ನಿನ್ನ ಕಾಗದ ಬಂದ ದಿನ ಇದೆಲ್ಲ ನೆನಪಾಗಿ ಮೈ ಉರಿಯಿತು. ಆ ತಾಯಿಗೂ ಮಗಳ ಹೆರಿಗೆ, ಈ ತಾಯಿಗೂ ಮಗಳ ಹೆರಿಗೆ. ಅವರಿಗೆ ಬಾಗಿಲು, ನಿನಗೆ ಕಿಟಕಿ. ಯಾಕೆ?

ಈ ಯಾಕೆ ಹಿಡಿದುಕೊಂಡು ಲೈಬ್ರರಿಗೆ ಹೋದೆ. ಅಲ್ಲಿ ನನ್ನ ಮೇಲಿನವರು ಡೊಲೊರೆಸ್ ಎಂಬ ಹೆಂಗಸು, ಅಜ್ಜಿಯ ವಯಸ್ಸು, ಕೂದಲು ಹತ್ತಿಯ ಹಾಗಿದೆ. ಯಾವ ಪ್ರಶ್ನೆ ಕೇಳಿದರೂ ಗೊತ್ತಿಲ್ಲ ಅನ್ನುವುದಿಲ್ಲ, ನೋಡೋಣ ಬಾ ಅನ್ನುತ್ತಾರೆ. ಇಬ್ಬರೂ ಕೂತು ಕಾನೂನಿನ ಪುಸ್ತಕ ತೆಗೆದೆವು. ಮೂರು ವರ್ಷದ ಹಿಂದೆ ಮಾಡಿದ ಕಾನೂನು, ಹೋದ ವರ್ಷ ಜಾರಿಗೆ ಬಂತು. ಮೊದಲು ಬ್ರಿಟನ್, ಡಿಸೆಂಬರಿನಲ್ಲಿ ಜಪಾನ್. ಇನ್ನೂ ಕೆಲವು ಯೂರೋಪಿನ ದೇಶಗಳು ಈ ಬೇಸಿಗೆಯಲ್ಲಿ ಸೇರುತ್ತವಂತೆ. ಸ್ನೇಹದ ದೇಶಗಳು, ವ್ಯಾಪಾರದ ದೇಶಗಳು, ಅಲ್ಲಿಂದ ಬಂದವರು ಹಿಂದಿರುಗುತ್ತಾರೆ ಎಂಬ ನಂಬಿಕೆ ಇರುವ ದೇಶಗಳು.

ಆ ನಂಬಿಕೆಯನ್ನು ಅಳೆಯುವುದು ಹೇಗೆ ಗೊತ್ತಾ? ಆ ದೇಶದವರು ವೀಸಾ ಕೇಳಿದಾಗ ಎಷ್ಟು ಜನರಿಗೆ ಇಲ್ಲ ಎಂದಿದ್ದಾರೆ ಎಂಬುದರಿಂದ. ಇಲ್ಲ ಅನ್ನಿಸಿಕೊಂಡವರು ತೀರಾ ಕಡಿಮೆ ಇದ್ದರೆ, ಆ ದೇಶದವರು ಇನ್ನು ಕೇಳುವುದೇ ಬೇಡ. ಹೆಚ್ಚಿದ್ದರೆ ಕೇಳುತ್ತಲೇ ಇರಬೇಕು. ಇಲ್ಲ ಎನ್ನುವವರೂ ಅವರೇ, ಎಣಿಸುವವರೂ ಅವರೇ! ಅವತ್ತು ಆ ಕಿಟಕಿಯಲ್ಲಿ ನಿನಗೆ ಇಲ್ಲ ಎಂದಾಗ, ನಿನ್ನ ಹಿಂದೆ ನಿಂತಿದ್ದವರನ್ನೂ ತಡೆಯುವ ಆ ಲೆಕ್ಕಕ್ಕೆ ಇನ್ನೊಂದು ಇಲ್ಲ ಸೇರಿತು. ನಾನು ಮೇಜು ಗುದ್ದಿದೆ. ಡೊಲೊರೆಸ್ ಶ್ ಎಂದರು.

ಆಮೇಲೆ ಅವರು ಪುಟದ ಮೇಲೆ ಬೆರಳಿಟ್ಟು, ಇದನ್ನೂ ಓದು ಅಂದರು. ಆ ದೇಶ ನಮ್ಮವರನ್ನು ವೀಸಾ ಇಲ್ಲದೆ ಬಿಟ್ಟುಕೊಂಡರೆ ಮಾತ್ರ ನಾವೂ ಬಿಟ್ಟುಕೊಳ್ಳುತ್ತೇವೆ ಎಂದಿತ್ತು. ನಾನು ಮೈಸೂರು ನೋಡಬೇಕೆಂದರೆ ನಿಮ್ಮವರು ಸುಮ್ಮನೆ ಬಿಡ್ತಾರಾ ಮಗಳೇ ಎಂದು ಕೇಳಿದರು. ಇಲ್ಲ, ಡೊಲೊರೆಸ್ಸಿಗೂ ವೀಸಾ ಬೇಕು. ನನ್ನ ಯಾವ ಕರಪತ್ರವೂ ಇದನ್ನು ಹೇಳಿರಲಿಲ್ಲ. ಸ್ವಲ್ಪ ಹೊತ್ತು ನನಗೆ ಯಾರನ್ನು ಬೈಯಬೇಕೋ ತಿಳಿಯಲಿಲ್ಲ. ಬೈಯಲು ಯಾರೂ ಸಿಗದಿದ್ದಾಗ ತಲೆ ಚೆನ್ನಾಗಿ ಓಡುತ್ತದೆ ಎಂದು ಅವತ್ತು ಗೊತ್ತಾಯಿತು. ಎಷ್ಟೊಂದು ಪ್ರಶ್ನೆ ಬಂದವು! ನಾವು ಊಟಿಗೆ ಹೋಗುವಾಗ ರಾಜ್ಯವೇ ಬದಲಾಗುತ್ತದೆ, ಬಸ್ಸಿನಲ್ಲಿ ನಿದ್ದೆ ಮಾಡುತ್ತಿದ್ದವರನ್ನು ಯಾರೂ ಎಬ್ಬಿಸಿ ಕೇಳುವುದಿಲ್ಲ. ಕೇಳದೆ ಬಿಡುವುದು ಅಂದರೆ ಏನು? ಸ್ನೇಹವಾ, ಲಾಭವಾ? ನಮ್ಮ ಕಾಫಿ, ಮೆಣಸು, ಗೋಡಂಬಿ ಇಲ್ಲಿಯ ಅಂಗಡಿಯಲ್ಲಿ ಕೂತಿವೆ. ಅವೂ ವ್ಯಾಪಾರವೇ ತಾನೇ? ಎಷ್ಟು ಮೂಟೆ ಮೆಣಸು ಬಂದರೆ ಒಬ್ಬ ಅಮ್ಮ ಬರಬಹುದು?

ಭಾವನಿಗೆ ಇದನ್ನೆಲ್ಲ ಹೇಳಿದೆ. ಅವರು ಸೌಟು ಹಿಡಿದುಕೊಂಡೇ ಕೇಳಿ, ಅದು ಸರಿ, ಸಾರಿಗೆ ಉಪ್ಪು ಹಾಕಿದ್ನಾ ಇಲ್ವಾ ಅಂತ ನಿನ್ನ ಕಾನೂನಿನಲ್ಲಿ ಇದೆಯಾ ಎಂದರು.

ಇನ್ನು ಮೇ ತಿಂಗಳ ಕತೆ ಕೇಳು. ವೀಸಾ ಇಲ್ಲದೆ ಬಂದವರಿಗೆ ಇಲ್ಲಿ ಸಿಗುವುದು ತೊಂಬತ್ತು ದಿನ. ಒಂದು ದಿನವೂ ಹೆಚ್ಚಿಸುವುದಿಲ್ಲ. ಬಾಗಿಲಲ್ಲೇ ತಡೆದು ವಾಪಸ್ ಕಳಿಸಿದರೂ ನ್ಯಾಯ ಕೇಳುವುದಿಲ್ಲ ಎಂದು ಬರುವಾಗಲೇ ಸಹಿ ಹಾಕಿರಬೇಕು. ತೊಮೊಕೊಗೆ ಹೆರಿಗೆ ತಡವಾಯಿತು, ಆಮೇಲೆ ಜ್ವರ ಬಂತು, ಮಗುವಿಗೆ ಹಾಲು ಹಿಡಿಸಲಿಲ್ಲ. ಎರಡು ವಾರವಾದರೂ ಹೆಚ್ಚು ಕೊಡಿ ಎಂದು ಅವಳ ಗಂಡ ಇಮಿಗ್ರೇಷನ್ ಆಫೀಸಿಗೆ ಹೋಗಿ ಕೇಳಿದ. ಆಗುವುದಿಲ್ಲ ಎಂದರು. ವೀಸಾ ತೆಗೆದುಕೊಂಡು ಬಂದವರಾಗಿದ್ದರೆ ಅರ್ಜಿ ಹಾಕಿ ಉಳಿಯಬಹುದಿತ್ತು. ಆ ಬಾಗಿಲು ತಾನಾಗಿಯೇ ತೆರೆಯುತ್ತದೆ, ತಾನಾಗಿಯೇ ಮುಚ್ಚುತ್ತದೆ.

ಅವರು ಹೊರಟ ಬೆಳಿಗ್ಗೆ ನಾನೇ ಸೂಟ್‌ಕೇಸು ಕಾರಿಗೆ ಏರಿಸಿಕೊಟ್ಟೆ. ಆಕೆ ಮಗುವಿಗೆ ಬಗ್ಗಿ ನಮಸ್ಕರಿಸಿದರು. ಮನೆಯ ಬಾಗಿಲಿಗೂ ನಮಸ್ಕರಿಸಿದರು. ಕಾರು ಫ್ರೀವೇ ಕಡೆ ತಿರುಗುವವರೆಗೆ ತೊಮೊಕೊ ಅಳಲಿಲ್ಲ. ಆಮೇಲೆ ನನ್ನ ಭುಜ ಹಿಡಿದುಕೊಂಡು ಅತ್ತಳು.

ಅವಳ ಅಡುಗೆಮನೆಯಲ್ಲಿ ಒಂದು ಕ್ಯಾಲೆಂಡರಿದೆ. ಅದರಲ್ಲಿ ಅವಳಮ್ಮ, ಬಂದ ದಿನವೇ, ಹೊರಡುವ ದಿನಕ್ಕೆ ಕೆಂಪು ಸುತ್ತು ಹಾಕಿದ್ದರು. ಅಯ್ಯೋ, ದಿನಾ ಅದನ್ನ ನೋಡ್ಕೊಂಡು ಹೇಗಿದ್ದಳೋ ಹುಡುಗಿ ಎಂದು ಅಕ್ಕ ಮರುಗಿದ್ದಳು. ನಾನು ತೊಮೊಕೊಳನ್ನೇ ಕೇಳಿಬಿಟ್ಟೆ. ಅವಳು ಹೇಳಿದ್ದು ಬೇರೆಯೇ. ಆ ಸುತ್ತು ಇದ್ದದ್ದರಿಂದ ಬೆಳಿಗ್ಗೆ ಎದ್ದು, ಇವತ್ತು ಅಮ್ಮ ಇರ್ತಾಳಾ ಎಂದು ಕೇಳಬೇಕಾಗಿರಲಿಲ್ಲ, ಸುತ್ತಿನವರೆಗೆ ಇರ್ತಾಳೆ ಎಂದು ಗೊತ್ತಿತ್ತು ಎಂದಳು. ಇನ್ನೂ ಒಂದು ವಿಷಯ. ಅವರ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಕೆಳಗೆ ಸಣ್ಣ ಅಕ್ಷರದಲ್ಲಿ ಒಳ್ಳೆ ದಿನ, ಕೆಟ್ಟ ದಿನ ಎಂದು ಇರುತ್ತದಂತೆ. ತೊಂಬತ್ತನೆಯದು ಕೆಟ್ಟ ದಿನವಾಗಿತ್ತು. ಅದಕ್ಕೇ ಅವಳಮ್ಮ ಜಪಾನಿನ ನಗೋಯಾದ ಮನೆಯಲ್ಲಿ ಕೂತು, ಟಿಕೆಟ್ಟು ಕೊಳ್ಳುವ ಮೊದಲೇ, ಅದರ ಹಿಂದಿನ ದಿನವನ್ನು ಆರಿಸಿದ್ದರು.

ಅಮ್ಮಾ, ನನಗೆ ಹೊಳೆದದ್ದು ಆಗ. ಆಕೆಯೂ ಒಳ್ಳೆ ದಿನ ನೋಡಿಯೇ ಹೊರಟವರು, ನಿನ್ನ ಹಾಗೆ. ಆದರೆ ಮೊದಲೇ ನೋಡಿದರು.

ನೀನು ಯಾಕೆ ಮೊದಲೇ ನೋಡಲಿಲ್ಲ ಎಂದು ನನಗೆ ಗೊತ್ತು. ನಾಗರಾಜು ಮಾವ ಕ್ಯೂನಲ್ಲಿ ನಿಂತು, ಯಾವ್ದಾದ್ರೂ ಒಂದು ತಾರೀಕು ಬಿಸಾಕಕ್ಕ, ಅವರೇನು ನಿನ್ನ ಹಿಂದೆ ಬರ್ತಾರಾ ಅಂದರಂತೆ. ಹುಟ್ಟದ ಮಗುವಿನ ಮನೆಯಿಂದ ಹೊರಡೋ ದಿನ ಹೇಳೋಕೆ ನಂಗೆ ಬಾಯಿ ಬರಲ್ಲ ಕಣೋ, ಸುಳ್ಳೂ ಬರಲ್ಲ ಅಂದೆಯಂತೆ. ಮಾವ ಇದನ್ನು ಬೇಜಾರಿನಿಂದ ಬರೆದಿದ್ದಾರೆ. ನನಗೆ ಓದಿ ಹೆಮ್ಮೆಯಾಯಿತು. ಅಕ್ಕನ ಮೊದಲ ಬಸಿರಿನ ವಿಷಯ ನಿನ್ನ ಮನಸ್ಸಿನಲ್ಲಿತ್ತು. ಆಗ ಭಾವ ಉತ್ಸಾಹದಿಂದ ತೊಟ್ಟಿಲು ತಂದಿಟ್ಟಿದ್ದರು. ಐದನೇ ತಿಂಗಳಲ್ಲಿ ಎಲ್ಲ ಮುಗಿಯಿತು. ಈ ಸಲ ಮನೆಯಲ್ಲಿ ಒಂದು ಕುಲಾವಿಯನ್ನೂ ತಂದಿಲ್ಲ. ತೊಟ್ಟಿಲಿಗೂ ಅದಕ್ಕೂ ಸಂಬಂಧವಿಲ್ಲ ಎಂದು ವಾದ ಮಾಡುವ ನಾನೇ, ಅಂಗಡಿಯಲ್ಲಿ ಸಣ್ಣ ಕಾಲುಚೀಲ ಕಂಡರೆ ದಾಟಿಕೊಂಡು ಮುಂದೆ ಹೋಗುತ್ತೇನೆ.

ಮೇಲೆ ಅಕ್ಕ ಚೆನ್ನಾಗಿದ್ದಾಳೆ ಎಂದು ಬರೆದೆ. ಅದು ಅಕ್ಕ ಬರೆಯಲು ಹೇಳಿದ ವಾಕ್ಯ. ನಿಜ ಬರೆಯದೆ ನಾನು ನಿನ್ನಿಂದ ಏನನ್ನಾದರೂ ಕೇಳುವುದು ಸರಿಯಲ್ಲ. ಮೇ ಕೊನೆಯಲ್ಲಿ ಸ್ವಲ್ಪ ರಕ್ತ ಕಂಡಿತು. ಡಾಕ್ಟರು ಮಲಗೇ ಇರಬೇಕು ಎಂದಿದ್ದಾರೆ. ಮಗು ಚೆನ್ನಾಗಿದೆ, ಎದೆಬಡಿತ ನಾನೇ ಕೇಳಿದೆ, ಓಡುವ ಕುದುರೆಯ ಹಾಗಿದೆ. ಭಾವ ಅಡುಗೆ ಕಲಿಯುತ್ತಿರುವುದು ಶೋಕಿಗಲ್ಲ, ಇದಕ್ಕೆ. ಅಕ್ಕ ಹಗಲೆಲ್ಲ ಕಿಟಕಿಯಾಚೆ ಕಾಣುವ ಉಪ್ಪಿನ ಗುಡ್ಡ ನೋಡುತ್ತಾ ಮಲಗಿರುತ್ತಾಳೆ. ನೆವಾರ್ಕಿನಲ್ಲಿ ಸಮುದ್ರದ ನೀರು ಬತ್ತಿಸಿ ಉಪ್ಪು ರಾಶಿ ಹಾಕುತ್ತಾರೆ, ಬೆಳ್ಳಗೆ ಮನೆಯಷ್ಟು ಎತ್ತರ. ಮೊನ್ನೆ ತಲೆ ಬಾಚುತ್ತಿದ್ದಾಗ, ಅಮ್ಮ ಇದ್ದಿದ್ದರೆ ಹರಳೆಣ್ಣೆ ಒತ್ತಿ ಇಷ್ಟು ಹೊತ್ತಿಗೆ ನಾಲ್ಕು ಬೈಗುಳ ಬೈದಿರೋಳು ಅಂದಳು. ಅವಳು ಅಳಲಿಲ್ಲ. ಫೋನಿನಲ್ಲಿ ನಿನಗೆ, ಬರದಿದ್ದರೂ ಪರವಾಗಿಲ್ಲಮ್ಮ, ಇಲ್ಲಿ ಎಲ್ಲ ಅನುಕೂಲ ಇದೆ ಎಂದಳಲ್ಲ, ಅದೂ ಅವಳೇ ಕೂತು ಕಟ್ಟಿದ ವಾಕ್ಯ. ಪರವಾಗಿದೆ ಅಮ್ಮಾ. ತುಂಬ ಪರವಾಗಿದೆ.

ಹಾಗಾಗಿ, ಮತ್ತೆ ಹೋಗು. ಆ ಕಿಟಕಿಗೇ ಹೋಗು. ಇದರಿಂದ ಮಾನ ಹೋಗುತ್ತದೆ ಎಂದು ಕೂಗಿದವಳು ನಾನು. ಈಗ ಅನ್ನಿಸುತ್ತದೆ, ನೆಟ್ಟಗೆ ನಿಂತು ಕೇಳಿದರೆ ನಮ್ಮ ಮಾನ ಹೋಗುವುದಿಲ್ಲ. ಕಾನೂನಿನ ವಿರುದ್ಧ ಬಡಿದಾಡುವುದು ನನ್ನ ಕೆಲಸ, ಅದಕ್ಕೆ ಅಕ್ಕನ ಬಾಣಂತನವನ್ನು ಬಲಿ ಕೊಡಬಾರದು. ಬಡಿದಾಡುವುದನ್ನಂತೂ ಬಿಟ್ಟಿಲ್ಲ. ಇಲ್ಲಿಯ ಸಂಸತ್ತಿನಲ್ಲಿರುವ ನಮ್ಮ ಭಾಗದ ಪ್ರತಿನಿಧಿಗೆ ಆ ಎಣಿಕೆಯ ಬಗ್ಗೆ ಬರೆದಿದ್ದೇನೆ. ದೆಹಲಿಗೂ ಬರೆದಿದ್ದೇನೆ, ನಮ್ಮ ಡೊಲೊರೆಸ್ ಮೈಸೂರು ನೋಡಲು ಯಾಕೆ ಅರ್ಜಿ ಹಾಕಬೇಕು ಎಂದು. ಎರಡು ಕಡೆಯಿಂದಲೂ ಉತ್ತರ ಬಂದಿಲ್ಲ.

ಈ ಸಲ ಹೋಗುವಾಗ ಒಂದು ದಿನ ಹೇಳು. ಮಗು ಸೆಪ್ಟೆಂಬರ್ ಮಧ್ಯಕ್ಕೆ. ನೀನು ಆಗಸ್ಟ್ ೨೭ಕ್ಕೆ ಇಲ್ಲಿರಬೇಕು, ನವೆಂಬರ್ ೨೪ ಶುಕ್ರವಾರ ಹೊರಡಬೇಕು. ತೊಂಬತ್ತರ ಒಳಗೇ ಬರುತ್ತದೆ. ನಿನಗೆ ವೀಸಾ ಕೊಟ್ಟರೆ ಆರು ತಿಂಗಳೂ ಇರಲು ಬಿಡಬಹುದು. ಆದರೆ ತೊಮೊಕೊಳ ಅಮ್ಮನಿಗೆ ಎಷ್ಟು ಸಿಕ್ಕಿತೋ ಅಷ್ಟನ್ನೇ ಕೇಳು. ಕೇಳದೆಯೇ ಒಳಗೆ ಬಿಡುವ ದೇಶದಿಂದ ಬಂದವಳ ಹಾಗೆ ನಿಂತು ಕೇಳು. ಎಕ್ಸ್‌ಚೇಂಜಿನವರು ಕೊಟ್ಟ ರಜೆಯ ಕಾಗದ ತೋರಿಸು. ಡಾಕ್ಟರ ಕಾಗದವನ್ನು ಭಾವ ಬೇರೆ ಕಳಿಸುತ್ತಿದ್ದಾರೆ. ಬಾಯಿ ಬರುವುದಿಲ್ಲ ಎನ್ನಬೇಡ. ಅಕ್ಕನ ತಲೆದಿಂಬಿನ ಎದುರಿಗೆ ಇಲ್ಲಿಗೆ ಹತ್ತಿರದ ಲಿವರ್‌ಮೋರ್ ದೇವಸ್ಥಾನದ ಕ್ಯಾಲೆಂಡರ್ ತೂಗುಹಾಕಿದ್ದೇನೆ. ಅದರಲ್ಲಿ ಆಗಸ್ಟ್ ೨೭ಕ್ಕೆ ನಾನು ಕೆಂಪು ಸುತ್ತು ಹಾಕಿ, ಅವಳು ಏನಾದರೂ ಅಂದಾಳೆಂದು ಹೆದರಿದ್ದೆ. ಸಂಜೆ ನೋಡಿದರೆ ಪೆನ್ನು ಅವಳ ಹಾಸಿಗೆಯ ಮೇಲಿತ್ತು, ಅದೇ ದಿನಕ್ಕೆ ಸುತ್ತು ಎರಡಾಗಿತ್ತು.

ನಾಗರಾಜು ಮಾವನಿಗೆ ನಮಸ್ಕಾರ ಹೇಳು. ಈ ಸಲ ಯಾರೂ ಯಾವ ತಾರೀಕನ್ನೂ ಬಿಸಾಕಬೇಕಾಗಿಲ್ಲ ಎಂದೂ ಹೇಳು. ಎಕ್ಸ್‌ಚೇಂಜಿನ ಹುಡುಗಿಯರಿಗೆ, ಮುಂದಿನ ಫೋನಿನಲ್ಲಿ ನಾನು ಕೂಗುವುದಿಲ್ಲ, ಕಿವಿ ಕೊಟ್ಟು ಪ್ರಯೋಜನವಿಲ್ಲ ಎಂದು ತಿಳಿಸು.

ನಿನ್ನ ಜಗಳಗಂಟಿ,
ವಸುಧಾ

ತಾ. ಕ.: ಸಹಿ ಹಾಕಿ ಮಡಿಸಿದ್ದನ್ನು ಮತ್ತೆ ಬಿಚ್ಚಿದ್ದೇನೆ. ಎರಡನೇ ಪ್ರಶ್ನೆಗೆ ಉತ್ತರ ಬರೆಯದೆ ಬಿಟ್ಟಿದ್ದೆ. ಇಲ್ಲಿ ನಿಮಗೆ ಯಾರಿದ್ದಾರೆ ಎಂದು ಕೇಳಿದರೆ, ಚಿಕ್ಕ ಮಗಳು ಇರ್ತಾಳೆ ಎಂದು ಹೇಳು. ನಿನಗೆ ಸುಳ್ಳು ಬಾಯಿಗೆ ಬರುವುದಿಲ್ಲವೆಂದು, ನಿನ್ನೆ ಹೋಗಿ ಅದನ್ನು ನಿಜ ಮಾಡಿಕೊಂಡು ಬಂದೆ. ನವೆಂಬರ್ ೨೪ರ ವಿಮಾನಕ್ಕೆ ನನ್ನ ಟಿಕೆಟ್ಟು ತೆಗೆದಿದ್ದೇನೆ, ಬರೀ ಹೋಗುವ ಟಿಕೆಟ್ಟು. ಮುಂದಿನ ಓದಿಗೆ ಇಲ್ಲೇ ಒಂದು ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತ್ತು, ಬೇಡವೆಂದು ಬರೆದುಕೊಟ್ಟೆ. ನಿನಗಾಗಿ ಬಿಟ್ಟೆ ಎಂದುಕೊಳ್ಳಬೇಡ, ನಿನ್ನ ಕಣ್ಣೀರಿಗೆ ನಾನು ಜವಾಬ್ದಾರಳಲ್ಲ. ಬರ್ಕಲಿಯ ಹಾಗೆ ಮಂಡ್ಯದ ತಾಲ್ಲೂಕು ಆಫೀಸಿನ ಎದುರು ಒಂದು ಮೇಜು ಹಾಕಬೇಕು, ಕಿಟಕಿಗಳ ಮುಂದೆ ಬಾಯಿ ಕಟ್ಟಿ ನಿಲ್ಲುವವರ ಜೊತೆ ಕೂರಬೇಕು ಎಂದು ನನಗೇ ಆಸೆಯಾಗಿದೆ. ಅಕ್ಕನಿಗೆ, ಭಾವನಿಗೆ ಇನ್ನೂ ಹೇಳಿಲ್ಲ. ಆ ದಿನವನ್ನು ನೀನು ಅಕ್ಕನನ್ನು ಬಿಟ್ಟು ಹೊರಡುವ ದಿನ ಅಂದುಕೊಳ್ಳಬೇಡ. ನನ್ನನ್ನು ಕರೆದುಕೊಂಡು ಬರುವ ದಿನ ಅದು. ಹಾಗೆ ಹೇಳಲು ಬಾಯಿ ಬರುತ್ತದಲ್ಲ?

ವೀಸಾ ಸಿಕ್ಕರೆ ನೀನು ನನ್ನ ಪಕ್ಕದ ಸೀಟಿನಲ್ಲಿ ಕೂತು, ಅಕ್ಕನ ಮಗುವಿನ ಮೂಗು ಯಾರ ಹಾಗಿದೆ ಎಂದು ಊರು ಮುಟ್ಟುವವರೆಗೆ ವಾದ ಮಾಡುತ್ತಿರುತ್ತೀಯ. ಸಿಗದಿದ್ದರೆ ಪ್ಲಾಟ್‌ಫಾರ್ಮಿನ ಮೇಲೆ ನಿಂತಿರು, ಮಗುವನ್ನು ಸಾಕಿ ಕಲಿತದ್ದನ್ನೆಲ್ಲ ನಾನು ಬಂದು ಹೇಳುತ್ತೇನೆ. ಹೇಗಾದರೂ ಸರಿ, ಬೆಂಗಳೂರು ಕಡೆಯಿಂದ ಬರುವ ಬೆಳಗಿನ ಗಾಡಿ, ಮಂಡ್ಯ ರೈಲ್ವೆ ಸ್ಟೇಷನ್ನು, ರಾಹುಕಾಲ ಶುರುವಾಗುವುದಕ್ಕೆ ಅರ್ಧ ಗಂಟೆ ಮುಂಚೆ. ನಗಬೇಡ, ನಾನೇ ಕ್ಯಾಲೆಂಡರ್ ನೋಡಿದೆ: ನವೆಂಬರ್ ೨೭, ಸೋಮವಾರ, ಬೆಳಿಗ್ಗೆ ಏಳು ಗಂಟೆ.